ಬಸ್ ಸ್ಟ್ಯಾಂಡಿನ ಏಜೆಂಟರು ಕಟ್ಟಿದ ಬೇಸ್‌ಬಾಲ್ ಟೀಮು

ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಆಗ ಬಸ್ಸಿನ ಬೋರ್ಡು ಓದುವವರು ಕಡಿಮೆ. ಓದಲು ಬರುವವರೂ ಓದುತ್ತಿರಲಿಲ್ಲ. ಏಜೆಂಟರು ಏನು ಕೂಗುತ್ತಾರೆ ಎಂದು ಕೇಳಿ ಹತ್ತುತ್ತಿದ್ದರು. "ಕೊಟ್ಟೂರ, ಕೊಟ್ಟೂರ, ಹರಪನಹಳ್ಳಿ" ಎಂದು ಅವರು ಒಂದು ಸಲ ಕೂಗಿದರೆ ಬೇವಿನ ಮರದ ಕೆಳಗೆ ನಿದ್ದೆ ಹೋದ ಮುದುಕಿಯೂ ಎದ್ದು ಗಂಟು ಎತ್ತಿಕೊಳ್ಳುತ್ತಿದ್ದಳು. ಆ ಕಂಠಕ್ಕೆ ನಮ್ಮ ಅಂಗಡಿಯ ಗಾಜಿನ ಕಪಾಟು ನಡುಗುತ್ತಿತ್ತು ಎಂದರೆ ಹೆಚ್ಚಾಯಿತು ಅನ್ನಬಹುದು. ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ನಡುಗುತ್ತಿತ್ತು.

ಅವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಒಂದು ಆಟ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಹೆಬ್ಬೆರಳು ತಾನಾಗಿಯೇ ಆಡುತ್ತದೆ. ಖುಷಿಯಾಗುತ್ತದೆ, ಅದರ ಬೆನ್ನಿಗೇ ನಾಚಿಕೆ ಬರುತ್ತದೆ. ಎರಡನ್ನೂ ಬರೆಯುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಮನೆಗೆ ಹೋಗಿ ಬಾಗಿಲು ತಟ್ಟಿದರೆ ಅವರ ಹೆಂಡತಿಯೂ "ಏಜೆಂಟ್ರು ಮನ್ಯಾಗಿಲ್ಲ" ಅನ್ನುತ್ತಿದ್ದರು.

ಆಳು ಸಣ್ಣಗೆ, ಬಿಳಿ ಧೋತರದ ಮೇಲೆ ಖಾಕಿ ಅಂಗಿ, ಹಣೆಯ ಮೇಲೆ ವಿಭೂತಿ. ಆ ಎದೆಗೂಡಿನಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೆ ಎಂದು ಹೊಸಬರು ಬೆರಗಾಗುತ್ತಿದ್ದರು. ಒಬ್ಬ ಸಾವ್ಕಾರರ ಖಾಸಗಿ ಬಸ್ಸುಗಳಿಗೆ ಅವರು ಏಜೆಂಟು. ಸಾವ್ಕಾರರು ಹಗರಿಬೊಮ್ಮನಹಳ್ಳಿಯವರು. ಏಜೆಂಟರ ಕೆಲಸ ಕೂಗುವುದಷ್ಟೇ ಅಲ್ಲ, ತುಂಬುವುದು. ದೂರ ಹೋಗುವವರನ್ನು ಹಿಂದಕ್ಕೆ, ಹತ್ತಿರ ಇಳಿಯುವವರನ್ನು ಬಾಗಿಲ ಕಡೆಗೆ, ಕುರಿಮರಿ ತಂದವರನ್ನು ಕೊನೆಯ ಸೀಟಿಗೆ, ಬಸುರಿಯರನ್ನು ಡ್ರೈವರನ ಹಿಂದಕ್ಕೆ. ಇಷ್ಟೂ ಆಗುವವರೆಗೆ ಗಾಡಿ ಅಲುಗಬಾರದು. ಡ್ರೈವರ್ ಹಾರ್ನ್ ಹೊಡೆದು ಅವಸರ ಮಾಡಿದರೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಡುವರು. ಖಾಲಿ ಗಾಡಿ ಜೋರಾಗಿ ಓಡಿಸಿದರೆ ನಿನಗೆ ಹೆಸರು ಬಂದೀತು, ಸಾವ್ಕಾರರಿಗೆ ಏನು ಬರುತ್ತದೆ ಎಂದು ಕೇಳುವರು. ಅದನ್ನು ಬಸ್ಸಿನೊಳಗಿನವರಿಗೆಲ್ಲ ಕೇಳುವಂತೆ ಕೇಳುವರು. ಡ್ರೈವರುಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಜಂಬವೂ ಇತ್ತು. ತಾವು ಒಂದು ದಿನ ಮಲಗಿದರೆ ಐದು ಊರಿನವರು ನಡೆದೇ ಹೋಗಬೇಕು ಎಂಬ ನಂಬಿಕೆ. ಒಂದು ಸಲ ಜ್ವರ ಬಂದು ಮಲಗಿದರು. ಬಸ್ಸುಗಳು ಎಂದಿನಂತೆ ಹೋದವು. ಎದ್ದು ಬಂದ ಮೇಲೆ ಆ ಮಾತು ಎತ್ತಿದವರ ಜೊತೆ ಬಹಳ ದಿನ ಮಾತಾಡಲಿಲ್ಲ.

ನಾನು ಎಸೆಸೆಲ್ಸಿ ಮುಗಿಸಿ ಅಲ್ಲಿ ಇಲ್ಲಿ ಅಲೆದು ಕಡೆಗೆ ಖಾಜಾನ ಅಂಗಡಿ ಸೇರಿದ್ದೆ. ಖಾಜಾ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದ. ನಾನು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ಖಾಜಾನ ಅಣ್ಣ ಸೌದಿಯಿಂದ ರಜೆಗೆ ಬಂದಾಗ ಒಂದು ಟೀವಿ ಗೇಮ್ ತಂದ. ಟೀವಿಗೆ ಜೋಡಿಸುವ ಒಂದು ಡಬ್ಬಿ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಗುಂಡಿಗಳಿದ್ದ ಎರಡು ಹಿಡಿಕೆ. ಜೊತೆಗೆ ಬಂದ ಆಟ ಒಂದೇ, ಬೇಸ್‌ಬಾಲ್. ಅಕ್ಷರಗಳು ಜಪಾನಿನವು. ನಮಗೆ ಆಟವೂ ತಿಳಿಯದು, ಅಕ್ಷರವೂ ತಿಳಿಯದು.

ನಮಗೆ ಗೊತ್ತಿದ್ದದ್ದು ಕ್ರಿಕೆಟ್ಟು. ಹಾಗಾಗಿ ಮೊದಲು ಅದನ್ನೇ ಆಡಿದೆವು. ಚೆಂಡು ಬಂದರೆ ಬ್ಯಾಟು ಅಡ್ಡ ಹಿಡಿದು ತಡೆಯುವುದು, ವಿಕೆಟ್ ಕಾಯುವುದು. ಪರದೆಯಲ್ಲಿ ವಿಕೆಟ್ಟೇ ಇಲ್ಲ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಚೆಂಡು ಬ್ಯಾಟಿಗೆ ತಾಗಿ ಹಿಂದಕ್ಕೆ ಜನರ ಮಧ್ಯೆ ಹಾರಿದರೆ ಬೌಂಡರಿ ಎಂದು ಅಂಗಡಿ ತುಂಬ ಚಪ್ಪಾಳೆ. ಅದು ಲೆಕ್ಕಕ್ಕೇ ಇಲ್ಲದ ಹೊಡೆತ ಎಂದು ತಿಳಿಯುವ ಹೊತ್ತಿಗೆ ಖಾಜಾ ಅಂಥ ‘ಬೌಂಡರಿ’ಗಳ ರಾಜನಾಗಿದ್ದ. ಸತ್ಯ ತಿಳಿದ ಮೇಲೂ ಅವನು ಒಪ್ಪಲಿಲ್ಲ. ಜಪಾನಿನವರು ಎಣಿಸದಿದ್ದರೆ ಏನಾಯಿತು, ಚೆಂಡು ಹೋದದ್ದು ನಿಜ ತಾನೇ ಎಂದ.

ಏಜೆಂಟರು ಎರಡು ಬಸ್ಸುಗಳ ನಡುವೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮುಖ ಬಸ್ ಸ್ಟ್ಯಾಂಡಿನ ಕಡೆ, ಕಿವಿ ಟೀವಿಯ ಕಡೆ. ಗಾಡಿ ಬಂದರೆ ಏಳಬೇಕಲ್ಲ, ಅದಕ್ಕೆ ಹಾಗೆ ಕೂರುತ್ತಾರೆ ಎಂದುಕೊಂಡಿದ್ದೆವು. ಹೊಡೆದವನು ಎಲ್ಲಿಗೆ ಓಡುತ್ತಾನೆ ಎಂದು ಒಂದು ದಿನ ಕೇಳಿದರು. ನಾಲ್ಕು ಮೂಲೆ ಇವೆ, ಹೊಡೆದ ಜಾಗದಿಂದ ಹೊರಟು ಮೂರು ಮೂಲೆ ಮುಟ್ಟಿ ತಿರುಗಿ ಅಲ್ಲಿಗೇ ಬಂದರೆ ಒಂದು ರನ್ನು ಎಂದೆ.

"ಇದು ನಮ್ಮ ರೂಟಲ್ಲೇನಲೇ?" ಅಂದರು.

ಅವತ್ತಿನಿಂದ ಹೊಡೆಯುವ ಜಾಗ ಕೂಡ್ಲಿಗಿ. ಮೊದಲ ಮೂಲೆ ಕೊಟ್ಟೂರು, ಎರಡನೆಯದು ಹಗರಿಬೊಮ್ಮನಹಳ್ಳಿ, ಮೂರನೆಯದು ಹಡಗಲಿ, ಅಲ್ಲಿಂದ ವಾಪಸ್ ಕೂಡ್ಲಿಗಿ. ಚೆಂಡು ಮೈದಾನದ ಗೋಡೆ ದಾಟಿ ಹೊರಗೆ ಬಿದ್ದರೆ ಅದು ಹರಪನಹಳ್ಳಿ. ಆಗ ಯಾರೂ ಓಡಿ ಹಿಡಿಯಲಾರರು. ಹೊಡೆದವನೂ ಬರುತ್ತಾನೆ, ಅವನಿಗಿಂತ ಮುಂದೆ ಮೂಲೆಗಳಲ್ಲಿ ನಿಂತವರೂ ಬರುತ್ತಾರೆ. ಹರಪನಹಳ್ಳಿಯಿಂದ ಬಂದ ಒಬ್ಬ ಬಟ್ಟೆ ವ್ಯಾಪಾರಿ ನಮ್ಮೂರನ್ನು ಯಾಕೆ ಗೋಡೆಯ ಆಚೆ ಹಾಕಿದಿರಿ ಎಂದು ತಕರಾರು ತೆಗೆದರು. ನಿಮ್ಮೂರಿಗೆ ಹೋದದ್ದು ಯಾವುದು ತಿರುಗಿ ಬಂದೈತಿ ಹೇಳ್ರಿ ಎಂದು ಏಜೆಂಟರು ಕೇಳಿದರು. ವ್ಯಾಪಾರಿಯೂ ನಕ್ಕರು.

ಈ ಆಟದಲ್ಲಿ ಟೀಮನ್ನು ನಾವೇ ಕಟ್ಟಬೇಕು. ಪರದೆಯ ಮೇಲೆ ಸಾಲಾಗಿ ಆಟಗಾರರ ಪಟ್ಟಿ ಬರುತ್ತದೆ. ಬೇಕಾದವರನ್ನು ಆರಿಸಿ, ಯಾರ ಹಿಂದೆ ಯಾರು ಹೊಡೆಯಬೇಕು ಎಂದು ಜೋಡಿಸಬೇಕು. ಹೆಸರು ಓದಲು ಬಾರದ್ದರಿಂದ ಏಜೆಂಟರೇ ನಾಮಕರಣ ಮಾಡಿದರು. ಯಾರು ಎಂಥವನು ಎಂಬುದನ್ನು ಅವರು ಸದ್ದಿನಿಂದ ಹೇಳುತ್ತಿದ್ದರು. ಚೆಂಡು ಮೇಲೆ ಹಾರಿದಾಗ ಟೀವಿಯಿಂದ ಸೀಟಿಯಂಥ ಒಂದು ಸದ್ದು ಬರುತ್ತಿತ್ತು. ದೂರ ಹೋದಷ್ಟೂ ಸೀಟಿ ಉದ್ದ. ಎಲ್ಲರಿಗಿಂತ ಉದ್ದ ಸೀಟಿಯವನಿಗೆ ‘ಕೋಗಳಿ ಗೌಡ’ ಎಂದು ಹೆಸರಿಟ್ಟರು. ಜೋರಿನಲ್ಲಿ ಅವನ ನಂತರದವನು ‘ಉಚ್ಚಂಗಿದುರ್ಗದ ಪೈಲ್ವಾನ’. ಮೆಲ್ಲಗೆ ತಟ್ಟಿ ಸಂದಿಯಲ್ಲಿ ನುಸುಳುವವನು ‘ಮಲ್ಲಿಗಿ’, ಹಡಗಲಿಯ ಮಲ್ಲಿಗೆ ಹೂವಿನ ಹಾಗೆ ಹಗುರ ಎಂದು. ಇನ್ನೊಬ್ಬನಿಗೆ ಹೊಡೆಯಲು ಬರುತ್ತಲೇ ಇರಲಿಲ್ಲ. ಆದರೆ ಎದುರಿನವನು ನಾಲ್ಕು ಚೆಂಡು ಹೊರಗೆ ಎಸೆದರೆ ಹೊಡೆಯದೆ ನಿಂತವನಿಗೆ ಮೊದಲ ಮೂಲೆ ಪುಕ್ಕಟೆ ಸಿಗುತ್ತದೆ. ಇವನು ಹಾಗೆ ಕೊಟ್ಟೂರಿಗೆ ಹೋಗುವವನು. ಅವನಿಗೆ ‘ಪಾಸ್ ಹುಡುಗ’ ಎಂದು ಹೆಸರು, ಟಿಕೆಟ್ ತೆಗೆಸದೆ ಪಾಸು ತೋರಿಸಿ ಕೂರುವ ಕಾಲೇಜು ಹುಡುಗರ ನೆನಪಿಗೆ.

ಏಜೆಂಟರಿಗೆ ಇವರು ಬರೀ ಹೆಸರುಗಳಲ್ಲ. ಗೌಡನ ತೋಳು ಮೆಣಸಿನಕಾಯಿ ಚೀಲ ಎತ್ತುವ ಹಮಾಲರ ತೋಳಿನಂಥದು, ಊಟಕ್ಕೆ ಅವನಿಗೆ ಇಷ್ಟು ರೊಟ್ಟಿ ಬೇಕು, ಪೈಲ್ವಾನನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಮಲ್ಲಿಗಿಗೆ ಹೆಣ್ಣು ಗೊತ್ತಾಗಿದೆ ಎಂದೆಲ್ಲ ಹೇಳುತ್ತಿದ್ದರು. ಪೈಲ್ವಾನ ಸುಮ್ಮನೆ ಔಟಾದರೆ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಾನ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಮಾಲರು, ಸೋಡಾ ಮಾರುವವರು ಗೌಡ ಇವತ್ತು ಹೇಗಿದ್ದಾನೆ ಎಂದು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದರು.

ನನಗಿದ್ದದ್ದು ಒಂದೇ ಹುಚ್ಚು: ಗೋಡೆ ದಾಟಿಸುವುದು. ಕೊಟ್ಟೂರಿನಲ್ಲಿ ಕೊಟ್ರೇಶಿ ಎಂಬುವನು ನಮ್ಮಂಥದೇ ಅಂಗಡಿ ಇಟ್ಟಿದ್ದ, ಅವನ ಹತ್ತಿರವೂ ಇದೇ ಆಟ ಇತ್ತು. ಪಂದ್ಯ ಆಡೋಣ ಎಂದು ಕರೆದ. ನಾನು ಗೌಡ, ಪೈಲ್ವಾನ ಮತ್ತು ಅಂಥದೇ ಜೋರು ಹೊಡೆತದವರನ್ನೇ ಹೆಕ್ಕಿ ಮೇಲಿಂದ ಕೆಳಗಿನವರೆಗೆ ತುಂಬಿಸಿಕೊಂಡು ಕೊಟ್ಟೂರಿಗೆ ಹೋದೆ. ಚೆಂಡು ಹರಪನಹಳ್ಳಿಗೆ ಹೋಯಿತು, ಒಂದಲ್ಲ, ಹಲವು ಸಲ. ಪ್ರತಿ ಸಲವೂ ಒಬ್ಬನೇ ಓಡಿ ಬಂದ, ಒಂದೇ ರನ್ನು. ಮಧ್ಯೆ ಮಧ್ಯೆ ಬೀಸಿ ಬೀಸಿ ಔಟಾದೆವು. ಕೊಟ್ರೇಶಿ ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ನನ್ನನ್ನು ಅಣಕಿಸುತ್ತ, ಮೆಲ್ಲಮೆಲ್ಲಗೆ ಕೂಡಿಸಿ ಗೆದ್ದ.

ಸೋತು ಬಂದವನನ್ನು ಏಜೆಂಟರು ಬಸ್ಸಿಳಿಯುವ ಜಾಗದಲ್ಲೇ ಹಿಡಿದರು. ಅವರಿಗೆ ಸುದ್ದಿ ಮುಂಚಿನ ಬಸ್ಸಿನಲ್ಲೇ ಬಂದಿತ್ತು.

"ಗೌಡ ಹೊಡದಾಗ ಕೊಟ್ಟೂರಾಗ ಯಾರಿದ್ರು?"

"ಯಾರೂ ಇದ್ದಿಲ್ರಿ."

"ಹಡಗಲ್ಯಾಗ?"

"ಇದ್ದಿಲ್ರಿ."

"ಮತ್ತ ಖಾಲಿ ಗಾಡಿ ಯಾಕ ಬಿಟ್ಟೀಲೇ ತಮ್ಮಾ? ಮೊದ್ಲು ತುಂಬು. ಮಲ್ಲಿಗಿ ಹತ್ಲಿ, ಪಾಸ್ ಹುಡುಗ ಹತ್ಲಿ. ಎಲ್ಲಾ ಸ್ಟಾಪಿನಾಗ ಮಂದಿ ನಿಲ್ಲಿಸಿ ಆಮ್ಯಾಲೆ ಗೌಡನ ಕರಿ. ಅಂವ ಒಂದ ಸಲ ಎಕ್ಸಲೇಟರ್ ಒತ್ತಿದ್ರ ಅಷ್ಟೂ ಮಂದಿ ಮನಿಗೆ ಬರ್ಬೇಕು."

ಇಷ್ಟೇ ಮಾತು. ಅಲ್ಲಿಂದ ಮುಂದಿನ ದಿನಗಳ ಸಂಭ್ರಮ ಹೇಗೆ ಹೇಳಲಿ. ಟೀಮನ್ನು ಒಡೆದು ಮತ್ತೆ ಕಟ್ಟಿದೆವು. ಮೊದಲು ಹತ್ತುವವರು, ಅವರ ಬೆನ್ನಿಗೆ ಗೌಡ, ಮುಂದೆ ಪೈಲ್ವಾನ, ಅವರ ಕೆಳಗೆ ಮತ್ತೆ ಹತ್ತುವವರು, ಸಾಲಿನ ಕೊನೆಗೆ ಪಾಸ್ ಹುಡುಗ. ಅವನಾದ ಮೇಲೆ ಸಾಲು ಸುತ್ತಿಕೊಂಡು ಮತ್ತೆ ಮೇಲಿನಿಂದ ಬರುತ್ತದೆ ಎಂದು ನಾನು ಹೇಳಿದಾಗ ಏಜೆಂಟರು, ಹಾಗಾದರೆ ಗೌಡನನ್ನು ಸಾಲಿನ ತಲೆಗೇ ತಾ, ಪಾಸ್ ಹುಡುಗನ ಬೆನ್ನಿಗೇ ಅವನು ಬರಲಿ ಎಂದರು. ಆಟದ ಶುರುವಿಗೆ ಒಂದು ಸಲ ಗಾಡಿ ಖಾಲಿ ಹೋದರೆ ಹೋಗಲಿ, ಆಮೇಲಿನ ಟ್ರಿಪ್ಪೆಲ್ಲ ತುಂಬಿಯೇ ಹೋಗುತ್ತದೆ ಎಂಬ ಲೆಕ್ಕ. ಹಾಗೆ ಆಡಿ ನೋಡಿದಾಗ ಒಂದೇ ಸರದಿಯಲ್ಲಿ ಎಷ್ಟು ಜನ ಕೂಡ್ಲಿಗಿಗೆ ಬಂದರೆಂದರೆ, ಖಾಜಾ ಬೆಸುಗೆಯ ಕಡ್ಡಿ ಕೆಳಗಿಟ್ಟು ಎದ್ದು ನಿಂತ.

ಅದೇ ದಿನಗಳಲ್ಲಿ ನಡೆದದ್ದು ಇದು. ಆಟದ ಮಧ್ಯೆ ಟೀವಿಯಲ್ಲಿ ಚಿತ್ರ ಹೋಯಿತು. ಪರದೆ ಪೂರಾ ಕಪ್ಪು, ಸದ್ದು ಮಾತ್ರ ಬರುತ್ತಿತ್ತು. ಖಾಜಾ ಹಿಂದುಗಡೆ ಕೈ ಹಾಕಿ ನೋಡುತ್ತಿದ್ದ, ನಾನು ಹಿಡಿಕೆ ಕೆಳಗಿಟ್ಟಿದ್ದೆ. ಸ್ಟೂಲಿನ ಮೇಲೆ ಏಜೆಂಟರು ಪರದೆಯ ಕಡೆ ತಿರುಗಿ, "ಹಾಂ, ಚಲೋ ನಿಂತಾನ ನೋಡು. ಬಿಡಬ್ಯಾಡ, ಹೊಡಿ" ಎಂದರು.

ನಾನು ಖಾಜಾನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಏಜೆಂಟರಿಗೂ ನಮ್ಮ ಮೌನ ತಿಳಿಯಿತೇನೋ, ಎದ್ದು ಹೊರಟರು. ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿಕೊಂಡು ಹೊರಗೆ ಹೋದದ್ದನ್ನು ಅವತ್ತು ಮೊದಲ ಸಲ ಗಮನಿಸಿದೆ. ಬಸ್ಸುಗಳನ್ನು ಅವರು ಇಂಜಿನ್ನಿನ ಸದ್ದು, ಹಾರ್ನಿನ ಸದ್ದು ಹಿಡಿದು ಗುರುತಿಸುತ್ತಿದ್ದರು. ಪ್ರಯಾಣಿಕರನ್ನು ದನಿಯಿಂದ. ಎಷ್ಟು ದಿನದಿಂದ ಹೀಗೆ ನಡೆದಿತ್ತೋ.

"ಇದನ್ನ ಹೊಟ್ಯಾಗ ಇಟ್ಕೊ," ಅಂದ ಖಾಜಾ. "ಸಾವ್ಕಾರ್‌ಗ ಗೊತ್ತಾದ್ರ ಮರುದಿನ ಬ್ಯಾರೇದವ್ರು ಕೂಗ್ತಾರ."

ಇಟ್ಟುಕೊಳ್ಳುತ್ತೇನೆ ಎಂದೆ.

ಸಾವ್ಕಾರರಿಗೆ ಆಗಲೇ ಅನುಮಾನ ಬಂದಿತ್ತು. ಒಂದು ಗಾಡಿಯ ಇಂಜಿನ್ ಬದಲಾಯಿಸಿದ್ದರು. ಹೊಸ ಸದ್ದು ಏಜೆಂಟರಿಗೆ ತಿಳಿಯದೆ, ಉಜ್ಜಿನಿಗೆ ಹೋಗಬೇಕಾದ ಒಬ್ಬ ತಾಯಿ ಮಗುವನ್ನು ಹೊಸಪೇಟೆ ಬಸ್ಸು ಹತ್ತಿಸಿಬಿಟ್ಟಿದ್ದರು. ದೂರು ಹಗರಿಬೊಮ್ಮನಹಳ್ಳಿಯವರೆಗೆ ಹೋಗಿತ್ತು. ಅಷ್ಟರಲ್ಲಿ ಕೊಟ್ರೇಶಿಯ ಜೊತೆ ಎರಡನೆಯ ಪಂದ್ಯ ಗೊತ್ತಾಯಿತು, ಈ ಸಲ ನಮ್ಮ ಅಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ. ಐದೂರಿನಲ್ಲಿ ಸುದ್ದಿಯಾಗಿದ್ದರಿಂದ ಸಾವ್ಕಾರರೂ ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು.

ಶನಿವಾರ ಏಜೆಂಟರು ಒಬ್ಬರೇ ಬಂದರು. ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಿನಗ ಗೊತ್ತೈತಿ ಅಂತ ನನಗ ಗೊತ್ತೈತಿ," ಅಂದರು. "ನಾಳೆ ಸಾವ್ಕಾರ್ರು ನನ್ನ ನೋಡಾಕಂತನ ಬರ್ತಾರ. ನಾ ಟೀಮ್ ನಡಸೋದು ನೋಡಿದ್ರ ಅನುಮಾನ ಹೋಗ್ತೈತಿ. ಯಾರು ಬಂದ್ರು, ಅವ್ರ ಹೆಸರು ಜೋರಾಗಿ ಕೂಗು. ಅಷ್ಟು ಮಾಡು, ಉಳಿದದ್ದು ನಾ ನೋಡ್ಕೊಂತೀನಿ."

ಆಗಲಿ ಎಂದೆ. ಖುಷಿಯಿಂದಲೇ ಎಂದೆ. ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಭಾನುವಾರ ಅಂಗಡಿಯೊಳಗೆ ಉಸಿರಾಡಲು ಜಾಗವಿರಲಿಲ್ಲ. ಕಿಟಕಿಯಲ್ಲಿ ತಲೆಗಳು, ಬಾಗಿಲಲ್ಲಿ ತಲೆಗಳು, ಹೊರಗೆ ಸೈಕಲ್ಲಿನ ಮೇಲೆ ನಿಂತವರು. ಕಾಣದವರಿಗೆ ಕಂಡವರು ಹೇಳುತ್ತಿದ್ದರು. ಸಾವ್ಕಾರರಿಗೆ ಒಂದು ಕುರ್ಚಿ, ಅವರ ಪಕ್ಕದಲ್ಲಿ ಏಜೆಂಟರ ಸ್ಟೂಲು. ಅವತ್ತು ಅವರು ಪರದೆಯ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು "ಮಲ್ಲಿಗಿ ಬಂದ" ಎಂದು ಕೂಗಿದರೆ ಅವರು ಪರದೆಗೆ ಬೆರಳು ತೋರಿಸಿ, ಸಾವ್ಕಾರರ ಕಡೆ ಬಾಗಿ, ಇವನು ಹೀಗೆ ತಟ್ಟುತ್ತಾನೆ ನೋಡ್ರಿ, ಕೊಟ್ಟೂರು ಮುಟ್ಟುತ್ತಾನೆ ನೋಡ್ರಿ ಎನ್ನುವರು. ಮಲ್ಲಿಗಿ ಹಾಗೇ ತಟ್ಟುವನು, ಕೊಟ್ಟೂರು ಮುಟ್ಟುವನು. ಸಾವ್ಕಾರರು ತೊಡೆ ತಟ್ಟಿ ನಗುವರು. ಪೈಲ್ವಾನ ಗೋಡೆ ದಾಟಿಸಿದಾಗ ಹೊರಗಿನವರು ಹರಪನಹಳ್ಳಿ, ಹರಪನಹಳ್ಳಿ ಎಂದು ಕೂಗಿದ ಸದ್ದಿಗೆ ನಿಜವಾದ ಹರಪನಹಳ್ಳಿ ಪ್ರಯಾಣಿಕರು ಬಸ್ಸು ಬಂತೆಂದು ಓಡಿ ಬಂದರು.

ಕೊಟ್ರೇಶಿಯೂ ಬಿಡುವವನಲ್ಲ. ಕೈ ಆಡಿದಷ್ಟೇ ಬಾಯಿಯೂ ಆಡುತ್ತಿತ್ತು. ಕೂಡ್ಲಿಗಿಯವರು ಬಸ್ಸು ಹತ್ತಿಸುವುದರಲ್ಲಿ ಜಾಣರು, ಇಳಿಸುವುದರಲ್ಲಿ ಅಲ್ಲ ಎಂದು ಅಣಕಿಸುತ್ತ ರನ್ನು ಕೂಡಿಸುತ್ತ ಹೋದ. ಕೊನೆಯ ಸರದಿಗೆ ನಾವು ಬಂದಾಗ ಮೂರು ರನ್ನು ಹಿಂದೆ. ಇಬ್ಬರು ಬೇಗ ಔಟಾದರು. ಮುಂದಿನಿಬ್ಬರು ಹೇಗೋ ಹತ್ತಿಕೊಂಡರು. ಒಬ್ಬ ಕೊಟ್ಟೂರಿನಲ್ಲಿ, ಇನ್ನೊಬ್ಬ ಹಗರಿಬೊಮ್ಮನಹಳ್ಳಿಯಲ್ಲಿ ನಿಂತರು. ಮೂವರು ಔಟಾದರೆ ಸರದಿ ಮುಗಿಯುತ್ತದೆ, ಇನ್ನೊಬ್ಬ ಔಟಾದರೆ ಆಟವೇ ಮುಗಿಯಿತು.

"ಪಾಸ್ ಹುಡುಗ ಬಂದ," ಎಂದು ಕೂಗಿದೆ.

ಹೊಡೆಯಲು ಬಾರದವನು. ಹೊರಗೆ ಕಾದಿರಿಸಿದ ಆಟಗಾರರಲ್ಲಿ ಒಬ್ಬ ಜೋರು ಹೊಡೆತದವನಿದ್ದ. ಪಾಸ್ ಹುಡುಗನನ್ನು ತೆಗೆದು ಅವನನ್ನು ನಿಲ್ಲಿಸಬಹುದಿತ್ತು. ಜನ ಅದನ್ನೇ ಅರಚುತ್ತಿದ್ದರು. ನನ್ನ ಬೆರಳು ಆ ಗುಂಡಿಯ ಮೇಲೆ ಹೋಯಿತು.

ಬದಲಾಯಿಸಬೇಡ ಎಂದರು ಏಜೆಂಟರು. ಈಗ ಗೋಡೆ ದಾಟಿಸಿದರೂ ಮೂರೇ ಬರುತ್ತದೆ, ಸರಿಸಮ ಆಗುತ್ತದೆ, ಗೆಲ್ಲುವುದಿಲ್ಲ. ಇವನು ಸುಮ್ಮನೆ ನಿಲ್ಲಲಿ. ಗಾಡಿ ತುಂಬುತ್ತದೆ, ಹಿಂದೆ ಗೌಡ ಇದ್ದಾನೆ. ಇಷ್ಟನ್ನೂ ಅವರು ಸರಿಯಾಗಿ ಹೇಳಿದರು. ನನ್ನ ಕಿವಿಗೆ ಏನೂ ಹೋಗಲಿಲ್ಲ. ಸುಮ್ಮನೆ ನಿಂತರೆ ಔಟಾಗುತ್ತಾನೆ, ಕೊಟ್ರೇಶಿ ಮೂರು ಚೆಂಡು ನೇರ ಎಸೆದರೆ ಮುಗಿಯಿತು ಎಂದು ನಾನು ಕಿರುಚಿದೆ.

"ಎಸಿಯಂಗಿಲ್ಲ. ಅಂಜ್ಯಾನ ಅಂವ. ಅವನ ಮುಖ ನೋಡಲೇ, ಹೊರಗ ಹಾಕ್ತಾನ."

ಕೊಟ್ರೇಶಿಯ ಅಣಕು ನಿಂತುಹೋಗಿತ್ತು. ಆ ಬಾಯಿ ನಿಂತದ್ದನ್ನು ಕೇಳಿಯೇ ಅವರು ಹಾಗೆ ಹೇಳಿದ್ದು. ನನಗೆ ಆಗ ಹೊಳೆಯಲಿಲ್ಲ.

"ಮುಖ ನೋಡಾಕ ನಿಮಗ ಕಣ್ಣೆಲ್ಲಿ ಅದಾವ್ರಿ? ಟೀವಿ ಕಾಣಂಗಿಲ್ಲ, ಬಸ್ಸಿನ ಬೋರ್ಡ್ ಕಾಣಂಗಿಲ್ಲ," ಅಂದೆ.

ಬಾಗಿಲಲ್ಲಿದ್ದ ಯಾರೋ ಏನಂದ, ಏನಂದ ಎಂದು ಕೇಳಿದರು. ನನ್ನ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಚೆಂಡು ಬಂತು, ಹೊರಗೆ. ಮತ್ತೊಂದು ಬಂತು, ಅದೂ ಹೊರಗೆ. ನಾಲ್ಕೂ ಹೊರಗೆ. ಪಾಸ್ ಹುಡುಗ ಬ್ಯಾಟು ಕೆಳಗಿಟ್ಟು ನಡೆದು ಕೊಟ್ಟೂರಿಗೆ ಹೋದ. ಮುಂದಿದ್ದವರು ಒಂದೊಂದು ಊರು ಸರಿದರು. ಮೂರೂ ಮೂಲೆಗಳು ತುಂಬಿದವು.

ಗೌಡ ಬಂದ. ನಾನು ಹೆಸರು ಕೂಗಲಿಲ್ಲ. ಕೊಟ್ರೇಶಿಗೆ ಈಗ ನೇರ ಎಸೆಯದೆ ಗತಿಯಿರಲಿಲ್ಲ. ಹೊರಗೆ ಹಾಕಿದರೆ ಪುಕ್ಕಟೆ ರನ್ನು. ನೇರ ಬಂದ ಮೊದಲ ಚೆಂಡಿಗೇ ಬೀಸಿದೆ. ಸೀಟಿ ಎದ್ದಿತು. ಅಷ್ಟು ಉದ್ದದ ಸೀಟಿಯನ್ನು ಆ ಟೀವಿಯಿಂದ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಚೆಂಡು ಗೋಡೆ ದಾಟಿತು. ಒಬ್ಬ, ಇನ್ನೊಬ್ಬ, ಪಾಸ್ ಹುಡುಗ, ಅವನ ಹಿಂದೆ ಗೌಡ, ನಾಲ್ವರೂ ಕೂಡ್ಲಿಗಿಗೆ ಬಂದರು. ಜನ ನನ್ನನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊತ್ತೊಯ್ದರು. ಹಮಾಲರು ಟವೆಲ್ ತಿರುಗಿಸಿ ಕುಣಿದರು, ಯಾರೋ ಸೋಡಾ ಎರಚಿದರು, ನಿಂತ ಬಸ್ಸುಗಳ ಡ್ರೈವರುಗಳೆಲ್ಲ ಹಾರ್ನು ಹೊಡೆದರು. ಅಂಥ ಸಂತೋಷ ನನಗೆ ಮುಂದೆ ಮದುವೆಯಲ್ಲೂ ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ಏಜೆಂಟರ ನೆನಪೇ ಬರಲಿಲ್ಲ.

ಸಿಟ್ಟಿನಲ್ಲಿ ಬಂದ ಮಾತು ಅದು, ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನನ್ನು ಕೆಳಗಿಳಿಸಿದ ಮೇಲೆ ಸಾವ್ಕಾರರು ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದರು. ಭಾರಿ ಟೀಮು ಕಟ್ಟಿದಿ ಎಂದರು. ಹೌದ್ರಿ ಎಂದೆ. ನಾನೇ ಕಟ್ಟಿದ್ದು ಎಂಬಂತೆ. ಆಮೇಲೆ, ಆಗ ಅಂದದ್ದು ಖರೇ ಏನು ಎಂದು ಕೇಳಿದರು. ಕೇಳಿದ ರೀತಿಯಲ್ಲಿ ನನಗೆ ತಪ್ಪಿಸಿಕೊಳ್ಳಲು ಜಾಗವಿತ್ತು. ಸಿಟ್ಟಿನಲ್ಲಿ ಅಂದೆ ಎಂದರೆ ನಂಬುತ್ತಿದ್ದರು. ಮಧ್ಯಾಹ್ನವೆಲ್ಲ ಏಜೆಂಟರು ಬೆರಳು ತೋರಿಸಿದ್ದನ್ನು ಅವರೇ ನೋಡಿದ್ದರು. ನಾನು ನಗುತ್ತಾ, ಸುತ್ತ ನಿಂತವರೂ ನಗಲೆಂದು, ಕಪ್ಪು ಪರದೆಯ ಕಥೆಯನ್ನು ಪೂರ್ತಿ ಹೇಳಿದೆ. ‘ಚಲೋ ನಿಂತಾನ ನೋಡು’ ಎಂದದ್ದನ್ನು ಅವರ ದನಿಯಲ್ಲೇ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಸಾವ್ಕಾರರು ನಗಲಿಲ್ಲ.

ಅಂಗಡಿಗೆ ತಿರುಗಿ ಬಂದಾಗ ಸ್ಟೂಲು ಖಾಲಿಯಿತ್ತು. ಏಜೆಂಟರನ್ನು ಮನೆಗೆ ಬಿಟ್ಟುಬಂದೆ ಎಂದು ಖಾಜಾ ಹೇಳಿದ. ಅವನು ಒಂದು ಬೈಗುಳ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಬೇರೆ ದನಿ ಕೂಗುತ್ತಿತ್ತು. ಸಾವ್ಕಾರರ ತಪ್ಪೆಂದು ಹೇಳಲಾರೆ. ತಾಯಿ ಮಗು ಯಾವುದೋ ಊರು ಸೇರಿದರೆ ಹೊಣೆ ಅವರದೇ. ಆದರೆ ಏಜೆಂಟರು ತಾವಾಗಿ ಬಿಡಬಹುದಿತ್ತು, ಮರ್ಯಾದೆಯಿಂದ ಇಳಿಯಬಹುದಿತ್ತು. ನಾನು ಅವರನ್ನು ಊರ ನಗೆಯ ಮಧ್ಯೆ ಇಳಿಸಿದೆ. ಹೊಸ ಏಜೆಂಟ ಒಳ್ಳೆಯವನೇ. ಅವನ ದನಿಗೆ ನಮ್ಮ ಕಪಾಟು ನಡುಗಲಿಲ್ಲ.

ಎಷ್ಟೋ ಸಲ ಅವರ ಮನೆಯ ಓಣಿಯವರೆಗೆ ಹೋಗಿ ತಿರುಗಿ ಬಂದೆ. ಒಂದು ಸಲ ಅವರ ಹೆಂಡತಿ ಎದುರಾದರು. ಬಯ್ಯುತ್ತಾರೆ ಎಂದುಕೊಂಡೆ. ಕಣ್ಣಿನಲ್ಲಿ ಪೊರೆ ಬಂದಿದೆಯಂತೆ, ಗುಟ್ಟು ಗುಟ್ಟು ಎಂದು ಇಷ್ಟು ದಿನ ವೈದ್ಯರ ಹತ್ತಿರವೂ ಹೋಗಲಿಲ್ಲ, ಈಗ ಮುಚ್ಚಿಡುವುದೇನೂ ಉಳಿದಿಲ್ಲ, ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅದರಲ್ಲಿ ನನಗೆ ಸಮಾಧಾನ ಹುಡುಕಿಕೊಳ್ಳಬಹುದಿತ್ತು. ಹುಡುಕಿಕೊಂಡೆ ಕೂಡ, ಕೆಲವು ವರ್ಷ. ಈಗ ಆ ಸಮಾಧಾನ ನಿಲ್ಲುವುದಿಲ್ಲ. ಅವರಿಗೆ ಒಳ್ಳೆಯದಾಗಲಿ ಎಂದು ನಾನು ಆ ಗುಟ್ಟು ಹೊರಹಾಕಿರಲಿಲ್ಲ.

ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದರು. ದಪ್ಪ ಗಾಜಿನ ಕನ್ನಡಕ, ಅದರ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಗೋಡೆ, ಕಪಾಟು, ಕ್ಯಾಸೆಟ್ಟುಗಳ ಸಾಲು, ಎಲ್ಲವನ್ನೂ ಒಂದೊಂದಾಗಿ ನೋಡಿದರು. ನನ್ನನ್ನೂ ನೋಡಿ, ನಿನಗೆ ಇಷ್ಟು ಬೇಗ ಕೂದಲು ಹೋಯಿತೇನು ಎಂದರು. ಅದಷ್ಟೇ ಅಂದದ್ದು. ಸ್ಟೂಲನ್ನು ಟೀವಿಯ ಎದುರಿಗೆ ಎಳೆದುಕೊಂಡು, ಟೀಮು ಹಾಕು ಎಂದರು.

ಹಾಕಿದೆ. ಪರದೆಯ ಮೇಲೆ ಹೆಬ್ಬೆರಳಿನಷ್ಟು ಗೊಂಬೆಗಳು ಬಂದು ನಿಂತವು. ಅವರು ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು.

"ಗೌಡ ಯಾವಾತ?"

"ಇಂವ ರೀ," ಎಂದು ಬೆರಳಿಟ್ಟು ತೋರಿಸಿದೆ.

"ಪಾಸ್ ಹುಡುಗ?"

"ಅಂವನೂ ಹಿಂಗ ಇರ್ತಾನ್ರಿ."

"ಎಲ್ಲಾರೂ ಒಂದ ನಮೂನಿ ಅದಾರಲ್ಲೋ. ಮತ್ತ ನೀ ಹೆಂಗ ಗುರುತ ಹಿಡಿತಿದ್ದಿ?"

ನೀವು ಹೇಳಿದ್ದರಿಂದ, ಎಂದೆ. ಅದು ನಿಜ. ಗೌಡ ಬಂದಾಗ ನನಗೆ ಹಮಾಲನ ತೋಳು ಕಾಣುತ್ತಿತ್ತು, ಮಲ್ಲಿಗಿ ಬಂದಾಗ ಮದುವೆ ಗೊತ್ತಾದ ಹುಡುಗನ ನಾಚಿಕೆ ಕಾಣುತ್ತಿತ್ತು. ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಸಾವ್ಕಾರರ ಎದುರು ನಾನು ಆಡಿದ್ದನ್ನೂ ಹೇಳಬೇಕು, ಕಾಲು ಹಿಡಿಯಬೇಕು ಎಂದುಕೊಂಡೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವರು ಕನ್ನಡಕ ತೆಗೆದರು. ಮಡಿಸಿ ಖಾಕಿ ಅಂಗಿಯ ಜೇಬಿಗೆ ಹಾಕಿ, ಸ್ಟೂ‍ಲನ್ನು ತಿರುಗಿಸಿ ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತರು.

"ಹಾಂ, ಈಗ ಕೂಗು. ಯಾರು ಬಂದ್ರು?"

ತಪ್ಪಾತ್ರಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಬಾಯಿ ತೆರೆದಾಗ ಹೊರಗೆ ಬಂದದ್ದು ಪಾಸ್ ಹುಡುಗನ ಹೆಸರು.